ಬೀನ್ಸ್ ಇಳುವರಿ: ಮೊದಲು ಗಿಡದ ಆಕಾರ, ಆಮೇಲೆ ಅಂತರ – ಒಂದು ಸಮಗ್ರ ಮಾರ್ಗದರ್ಶಿ

ಬೀನ್ಸ್ ಹಾಕುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವ ತಳಿ ಹಾಕಲಿ? ಎಷ್ಟು ಅಂತರ ಬಿಡಲಿ? ಎರಡಕ್ಕೂ ಎರಡು ಕಡೆಯಿಂದ ಉತ್ತರ ತರುತ್ತಾರೆ. ತಳಿಯನ್ನು ಬೀಜದಂಗಡಿಯವರು ಹೇಳುತ್ತಾರೆ, ಅಂತರವನ್ನು ಪಕ್ಕದ ಹೊಲದವರು ಹೇಳುತ್ತಾರೆ. ಕೊನೆಗೆ ಒಳ್ಳೆಯ ತಳಿ, ಒಳ್ಳೆಯ ಅಂತರ, ಆದರೂ ಇಳುವರಿ ಸಾಧಾರಣ. ಯಾಕೆ ಅಂದರೆ ಆ ಅಂತರ ಆ ತಳಿಗೆ ಹೊಂದುವುದಿಲ್ಲ. ತಳಿ ನಿರ್ಧಾರವಾಗದೆ ಅಂತರದ ಮಾತೇ ಬರಬಾರದು. ಈ ಬರಹ ಅದೇ ಕ್ರಮದಲ್ಲಿ ಹೋಗುತ್ತದೆ.

ಇಲ್ಲಿ ಬೀನ್ಸ್ ಅಂದರೆ ತರಕಾರಿಯಾಗಿ ತಿನ್ನುವ ಹಸಿ ಹುರಳಿಕಾಯಿಯೂ ಹೌದು, ಒಣ ಕಾಳಾಗಿ ಬೇಯಿಸುವ ರಾಜ್ಮಾವೂ ಹೌದು. ಎರಡೂ ಒಂದೇ ಸಸ್ಯ, ಫ್ಯಾಸಿಯೋಲಸ್ ವಲ್ಗ್ಯಾರಿಸ್. ಹೆಚ್ಚಿನ ಲೆಕ್ಕಗಳನ್ನು ಒಣ ಕಾಳಿನ ಬೆಳೆಗೆ ಕೊಟ್ಟಿದ್ದೇನೆ. ಹಸಿ ಕಾಯಿಗೆ ಬೇರೆ ಆಗುವ ಕಡೆ ಹೇಳುತ್ತೇನೆ.

ಇಳುವರಿ ಎಲ್ಲಿಂದ ಬರುತ್ತದೆ

ಒಂದು ಚದರ ಮೀಟರಿನ ಇಳುವರಿ ನಾಲ್ಕು ಸಂಖ್ಯೆಗಳ ಗುಣಾಕಾರ. ಎಷ್ಟು ಗಿಡ, ಒಂದು ಗಿಡಕ್ಕೆ ಎಷ್ಟು ಕಾಯಿ, ಒಂದು ಕಾಯಿಗೆ ಎಷ್ಟು ಕಾಳು, ಒಂದು ಕಾಳಿನ ತೂಕ ಎಷ್ಟು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚದರ ಮೀಟರಿಗೆ 22 ಗಿಡ, ಗಿಡಕ್ಕೆ 8 ಕಾಯಿ, ಕಾಯಿಗೆ ಸರಾಸರಿ 3.5 ಕಾಳು, ಕಾಳಿಗೆ 0.4 ಗ್ರಾಂ. ಗುಣಿಸಿದರೆ ಸುಮಾರು 246 ಗ್ರಾಂ. ಅದನ್ನು 10ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೋ ಅಂತ ಸಿಗುತ್ತದೆ: 2,460 ಕಿಲೋ. ಎಕರೆಗೆ ಹತ್ತಿರ ಹತ್ತಿರ 1,000 ಕಿಲೋ.

ಹಾಗಾದರೆ 22ರ ಬದಲು 44 ಗಿಡ ಹಾಕಿದರೆ ಇಳುವರಿ ಎರಡು ಪಟ್ಟು ಆಗಬೇಕಲ್ವಾ? ಆಗುವುದಿಲ್ಲ. ಗಿಡಗಳು ಹತ್ತಿರ ಬಂದಂತೆ ಪ್ರತಿ ಗಿಡದ ಕವಲು ಕಡಿಮೆಯಾಗುತ್ತದೆ, ಹೂ ಉದುರುವುದು ಜಾಸ್ತಿಯಾಗುತ್ತದೆ, ಕಾಯಿ ಇಳಿಯುತ್ತದೆ. ದೂರ ಬಿಟ್ಟರೆ ಕವಲು ಹೆಚ್ಚಾಗಿ ಕಾಯಿ ಏರುತ್ತದೆ. ಒಂದು ಕಡೆ ಕಡಿಮೆಯಾದದ್ದನ್ನು ಇನ್ನೊಂದು ಕಡೆ ತುಂಬಿಕೊಳ್ಳುವ ಈ ಗುಣದ ಬಗ್ಗೆ ಅಮೆರಿಕದ ತಳಿ ವಿಜ್ಞಾನಿ ಎಂ. ವೇಯ್ನ್ ಆಡಮ್ಸ್ 1967ರಲ್ಲಿ ಬೀನ್ಸನ್ನೇ ಮುಖ್ಯ ಉದಾಹರಣೆಯಾಗಿಟ್ಟುಕೊಂಡು ಬರೆದರು. ನಾಲ್ಕರಲ್ಲಿ ಅತಿ ಹೆಚ್ಚು ಏರಿಳಿಯುವುದು ಗಿಡಕ್ಕೆ ಎಷ್ಟು ಕಾಯಿ ಎಂಬ ಸಂಖ್ಯೆ. ಕಾಯಿಯೊಳಗಿನ ಕಾಳು ಅಷ್ಟಾಗಿ ಬದಲಾಗುವುದಿಲ್ಲ. ಕಾಳಿನ ತೂಕ ಬಹುಮಟ್ಟಿಗೆ ತಳಿಯ ಗುಣ. ಕೊನೆಯಲ್ಲಿ ನೀರು ಕೈಕೊಟ್ಟರೆ ಮಾತ್ರ ಕಾಳು ಸಣ್ಣದಾಗುತ್ತದೆ.

ಹೀಗೆ ಸರಿದೂಗಿಸಿಕೊಳ್ಳುವ ಶಕ್ತಿ ಎಲ್ಲ ತಳಿಗೂ ಒಂದೇ ಸಮ ಇಲ್ಲ. ಇಡೀ ವಿಷಯದ ಕೀಲು ಇರುವುದು ಇಲ್ಲೇ.

ಹಂತ 1: ಗಿಡದ ಆಕಾರ ಗುರುತಿಸಿ

ಬೀನ್ಸ್ ಗಿಡದ ಬೆಳವಣಿಗೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಕೊಲಂಬಿಯಾದಲ್ಲಿರುವ ಅಂತಾರಾಷ್ಟ್ರೀಯ ಉಷ್ಣವಲಯ ಕೃಷಿ ಕೇಂದ್ರ, ಅಂದರೆ ಸಿಯಾಟ್, ಬಳಸುವ ಈ ವಿಂಗಡಣೆ ಜಗತ್ತಿನ ಎಲ್ಲ ಕಡೆ ಚಾಲ್ತಿಯಲ್ಲಿದೆ.

ಒಂದನೇ ಬಗೆ ಗಿಡ್ಡ ಪೊದೆ. ಕಾಂಡದ ತುದಿಯಲ್ಲೇ ಹೂಗೊಂಚಲು ಬಂದು ಬೆಳವಣಿಗೆ ನಿಂತುಬಿಡುತ್ತದೆ. ಹೂವೆಲ್ಲ ಒಂದೇ ಹೊತ್ತಿಗೆ ಬರುತ್ತದೆ, ಕಾಯಿಯೂ ಒಟ್ಟಿಗೇ ಮಾಗುತ್ತದೆ. ಬೇಗ ಮುಗಿಯುವ ಬೆಳೆ.

ಎರಡನೇ ಬಗೆಯೂ ಪೊದೆಯೇ. ಆದರೆ ನೆಟ್ಟಗೆ ನಿಲ್ಲುತ್ತದೆ, ಕವಲು ಕಾಂಡಕ್ಕೆ ಅಂಟಿದಂತೆ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ ಹೂ ಬರುವುದಿಲ್ಲ, ಎಲೆ ಮೊಗ್ಗೇ ಇರುತ್ತದೆ. ಹೂ ಬಿಡಲು ಶುರುವಾದ ಮೇಲೂ ಸ್ವಲ್ಪ ಬೆಳೆಯುತ್ತದೆ.

ಮೂರನೆಯದು ಹರಡುವ ಗಿಡ. ಕವಲು ಜಾಸ್ತಿ. ನೆಲದ ಮೇಲೆ ಚಾಚಿಕೊಳ್ಳುತ್ತದೆ, ಆಸರೆ ಸಿಕ್ಕಿದರೆ ಸ್ವಲ್ಪ ಹತ್ತುತ್ತದೆ.

ನಾಲ್ಕನೆಯದು ಬಳ್ಳಿ. ಎರಡು ಮೀಟರಿಗಿಂತ ಎತ್ತರಕ್ಕೆ ಕೋಲು ಸುತ್ತಿ ಹೋಗುತ್ತದೆ. ಬುಡದಿಂದ ತುದಿಯವರೆಗೂ ಕಾಯಿ ಬಿಡುತ್ತದೆ.

ಬೀಜದ ಚೀಟಿಯಲ್ಲಿ ಇದನ್ನು ಬರೆದಿರುವುದಿಲ್ಲ. ಬರೆದರೂ ‘ಪೊದೆ’ ಅಥವಾ ‘ಬಳ್ಳಿ’ ಅಂತ ಅಷ್ಟೇ. ಗುರುತಿಸುವುದು ಕಷ್ಟವೇನಲ್ಲ. ಗಿಡ ಹೂ ಬಿಡಲು ಶುರು ಮಾಡಿದಾಗ ಒಂದು ಗಿಡದ ಮುಖ್ಯ ಕಾಂಡ ಹಿಡಿದು ತುದಿ ನೋಡಿ. ತುದಿಯಲ್ಲಿ ಹೂಗೊಂಚಲು ಕೂತಿದ್ದರೆ ಒಂದನೇ ಬಗೆ. ಪುಟ್ಟ ಎಲೆ ಬಿಚ್ಚುತ್ತಿದ್ದರೆ ಉಳಿದ ಮೂರರಲ್ಲಿ ಒಂದು. ಆಮೇಲೆ ಕಾಂಡ ನೋಡಿ. ಗಟ್ಟಿಯಾಗಿ ನೆಟ್ಟಗಿದೆಯಾ, ಬಾಗಿ ಪಕ್ಕದ ಸಾಲಿಗೆ ಕೈ ಚಾಚಿದೆಯಾ, ಸುತ್ತಿಕೊಳ್ಳಲು ಏನಾದರೂ ಹುಡುಕುತ್ತಿದೆಯಾ? ಒಂದು ಬೆಳೆಯಲ್ಲಿ ಒಮ್ಮೆ ನೋಡಿ ಬರೆದಿಟ್ಟುಕೊಂಡರೆ ಮುಂದಿನ ಬೆಳೆಗೂ ಬರುತ್ತದೆ.

ಒಂದನೇ ಬಗೆಗೆ ಕವಲೊಡೆಯುವ ಶಕ್ತಿ ಕಡಿಮೆ, ಸಮಯವೂ ಕಡಿಮೆ. ಪಕ್ಕದ ಗಿಡ ಸತ್ತರೆ ಆ ಜಾಗವನ್ನು ಅದು ತುಂಬಲಾರದು. ಅದಕ್ಕೇ ಗಿಡ ಜಾಸ್ತಿ ಬೇಕು, ನಡುವೆ ಖಾಲಿ ಇರಬಾರದು. ಮೂರನೇ ಬಗೆ ಇದಕ್ಕೆ ತದ್ವಿರುದ್ಧ. ಜಾಗ ಕೊಟ್ಟಷ್ಟೂ ಹರಡುತ್ತದೆ. ಅದಕ್ಕೆ ಒತ್ತಾಗಿ ಹಾಕಿದರೆ ಬೀಜ ದಂಡ, ರೋಗ ಲಾಭ.

ಹಂತ 2: ತಳಿ ಆರಿಸಿ

ತಳಿ ಆರಿಸುವಾಗ ಎಲ್ಲರೂ ಮೊದಲು ನೋಡುವುದು ಇಳುವರಿ ಅಂಕಿ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಬೇಕು. ಚೀಟಿಯ ಮೇಲಿನ ಇಳುವರಿ ಒಳ್ಳೆ ಮಣ್ಣಿನಲ್ಲಿ, ಹೊತ್ತಿಗೆ ನೀರು ಕೊಟ್ಟು, ಕಳೆ ಇಲ್ಲದೆ ಬಂದದ್ದು. ನಿಮ್ಮ ಹೊಲದಲ್ಲಿ ಅದು ಬರಬೇಕಾದರೆ ಮೊದಲು ಗಿಡ ಬದುಕಿ ಹೂ ಹಿಡಿಯಬೇಕಲ್ವಾ.

ಮೊದಲು ಬೆಳೆಯ ಅವಧಿ ನೋಡಿ. ಪೊದೆ ತಳಿಗಳ ಹಸಿ ಕಾಯಿ 45ರಿಂದ 60 ದಿನಕ್ಕೆ ಕೀಳಲು ಸಿಗುತ್ತದೆ. ಅವೇ ಒಣ ಕಾಳಾಗಲು 65ರಿಂದ 95 ದಿನ ಬೇಕು. ಬಳ್ಳಿ ತಳಿಗಳ ಒಣ ಕಾಳಿಗೆ 100 ದಿನ ದಾಟುವುದು ಸಾಮಾನ್ಯ, ತಂಪಾದ ಎತ್ತರದ ಜಾಗದಲ್ಲಿ ಇನ್ನೂ ಎಳೆಯುತ್ತದೆ. ಮಳೆ ಬೇಗ ನಿಂತುಹೋಗುವ ಜಾಗದಲ್ಲಿ ದೀರ್ಘಾವಧಿ ತಳಿ ಹಾಕಿದರೆ ಕಾಳು ತುಂಬುವ ಹೊತ್ತಿಗೆ ಮಣ್ಣು ಒಣಗಿರುತ್ತದೆ. ನೀರು ಕೊನೆವರೆಗೂ ಇದ್ದರೆ ಮಾತ್ರ ದೀರ್ಘಾವಧಿಯ ತಳಿ ತನ್ನ ಇಳುವರಿ ತೋರಿಸುತ್ತದೆ.

ಆಮೇಲೆ ಬಿಸಿಲು. ಬೀನ್ಸಿಗೆ ಹಿತವಾದ ತಾಪಮಾನ ಸುಮಾರು 18ರಿಂದ 25 ಡಿಗ್ರಿ ಸೆಲ್ಸಿಯಸ್. ಹಗಲು 30 ಡಿಗ್ರಿ ದಾಟಿದರೆ ತೊಂದರೆ ಶುರು. ಅದಕ್ಕಿಂತ ಕೆಟ್ಟದ್ದು ಬಿಸಿ ರಾತ್ರಿ. ರಾತ್ರಿ 20–22 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಪರಾಗ ಕೆಡುತ್ತದೆ, ಹೂವೂ ಎಳೆಗಾಯಿಯೂ ಉದುರುತ್ತವೆ. ಗಿಡ ಹಚ್ಚಗೆ ಸೊಂಪಾಗಿ ಕಾಣುತ್ತದೆ, ಕೆಳಗೆ ಬಗ್ಗಿ ನೋಡಿದರೆ ಕಾಯಿ ಇಲ್ಲ. ಇಂಥ ಕಡೆ ಗಿಡದ ಸಂಖ್ಯೆ ಏರಿಸಿ ಪ್ರಯೋಜನವಿಲ್ಲ. ಬಿಸಿ ತಡೆಯುವ ತಳಿ ಹುಡುಕಬೇಕು, ಇಲ್ಲವೆ ಬಿತ್ತುವ ತಿಂಗಳು ಬದಲಿಸಬೇಕು. ಮಂಜು ಹೆಪ್ಪುಗಟ್ಟುವಷ್ಟು ಚಳಿಯನ್ನೂ ಇದು ತಡೆಯುವುದಿಲ್ಲ.

ಹಗಲಿನ ಉದ್ದದ ವಿಷಯ ಅನೇಕರ ಗಮನಕ್ಕೆ ಬರುವುದಿಲ್ಲ. ಬೀನ್ಸ್ ಮೂಲತಃ ಹಗಲು ಗಿಡ್ಡವಿರುವಾಗ ಹೂ ಬಿಡುವ ಸಸ್ಯ. ಹೊಸ ಪೊದೆ ತಳಿಗಳಲ್ಲಿ ಈ ಗುಣ ಬಹಳ ಮಟ್ಟಿಗೆ ಹೋಗಿದೆ. ಹಳೆಯ ನಾಟಿ ತಳಿಗಳಲ್ಲಿ, ಅದರಲ್ಲೂ ಬಳ್ಳಿಗಳಲ್ಲಿ, ಇನ್ನೂ ಉಳಿದಿದೆ. ಅಂಥ ಬೀಜವನ್ನು ಸಮಭಾಜಕ ವೃತ್ತದಿಂದ ದೂರದ ನಾಡಿಗೆ ಒಯ್ದು ಬೇಸಿಗೆಯ ದೊಡ್ಡ ಹಗಲಿನಲ್ಲಿ ಬಿತ್ತಿದರೆ ಬರೀ ಎಲೆ ಬರುತ್ತದೆ, ಹೂ ತಡವಾಗುತ್ತದೆ.

ಮೂರನೆಯದು ರೋಗ. ಇಲ್ಲಿ ಪಟ್ಟಿ ದೊಡ್ಡದಿದೆ: ಚಿಬ್ಬು ರೋಗ, ತುಕ್ಕು, ಎಲೆಯ ಕೋನ ಚುಕ್ಕೆ, ದುಂಡಾಣು ಅಂಗಮಾರಿ, ಮೊಸಾಯಿಕ್ ನಂಜು. ಎಲ್ಲವನ್ನೂ ತಡೆಯುವ ತಳಿ ಹುಡುಕುತ್ತಾ ಕೂರಬೇಡಿ. ನಿಮ್ಮ ಜಾಗದಲ್ಲಿ ವರ್ಷ ವರ್ಷ ಬರುವ ಎರಡು ರೋಗ ಯಾವುದು ಅಂತ ತಿಳಿದುಕೊಂಡು ಅವನ್ನು ತಡೆಯುವ ತಳಿ ಕೇಳಿ. ತಂಪು, ತೇವದ ಜಾಗದಲ್ಲಿ ಚಿಬ್ಬು ಮತ್ತು ಕೋನ ಚುಕ್ಕೆ ಕಾಟ ಜಾಸ್ತಿ. ಬಿಸಿ, ತೇವದ ಕಡೆ ದುಂಡಾಣು ಅಂಗಮಾರಿ.

ಕಾಳಿನ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೀನ್ಸನ್ನು ಮನುಷ್ಯ ಎರಡು ಕಡೆ ಬೇರೆ ಬೇರೆಯಾಗಿ ಪಳಗಿಸಿದ. ಒಂದು ಮಧ್ಯ ಅಮೆರಿಕದಲ್ಲಿ, ಇನ್ನೊಂದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ. ಮಧ್ಯ ಅಮೆರಿಕ ಮೂಲದವುಗಳ ಕಾಳು ಸಾಮಾನ್ಯವಾಗಿ ಸಣ್ಣದು ಅಥವಾ ಮಧ್ಯಮ. ಆಂಡಿಸ್ ಮೂಲದವು ದಪ್ಪ ಕಾಳಿನವು, 100 ಕಾಳಿಗೆ 40 ಗ್ರಾಂ ದಾಟುತ್ತವೆ. ಕೆಂಪು ದೊಡ್ಡ ರಾಜ್ಮಾ ಈ ಗುಂಪು. ದಪ್ಪ ಕಾಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆ ಇರಬಹುದು, ಆದರೆ ದಪ್ಪ ಕಾಳಿನ ಪೊದೆ ತಳಿಗಳ ಇಳುವರಿ ಸಾಮಾನ್ಯವಾಗಿ ಸಣ್ಣ ಕಾಳಿನ ಎರಡನೇ ಬಗೆಯವಕ್ಕಿಂತ ಕಡಿಮೆ. ಬಿತ್ತನೆಗೆ ಬೀಜವೂ ತೂಕದಲ್ಲಿ ಜಾಸ್ತಿ ಬೇಕು. ದಪ್ಪ ಕಾಳು ನೋಡಿ ಮರುಳಾಗುವ ಮುಂಚೆ ಇದನ್ನು ತೂಗಿ ನೋಡಿ.

ಬಳ್ಳಿ ತಳಿಗಳ ಇಳುವರಿ ಶಕ್ತಿ ಪೊದೆಗಿಂತ ಎಷ್ಟೋ ಹೆಚ್ಚು. ಎಲೆ ಮೇಲಿಂದ ಕೆಳಗಿನವರೆಗೆ ಹಂಚಿಕೊಂಡಿರುತ್ತದೆ, ಹೂ ಬಿಡುವ ಕಾಲ ಉದ್ದ, ಗಾಳಿಯಿಂದ ಸಾರಜನಕ ಹಿಡಿಯುವ ಶಕ್ತಿಯೂ ಜಾಸ್ತಿ. ಆದರೆ ಕೋಲು ಬೇಕು, ಕಟ್ಟಲು ಕೂಲಿ ಬೇಕು, ಕಾಯಿಯನ್ನು ಹಲವು ಸಲ ಬಿಡಿಸಬೇಕು. ಸಣ್ಣ ಜಾಗ, ಮನೆಯವರೇ ದುಡಿಯುವ ಕೈ, ಹತ್ತಿರದಲ್ಲೇ ಕೋಲು – ಇದಿದ್ದರೆ ಬಳ್ಳಿಯನ್ನು ಬಿಟ್ಟು ಬೇರೆ ಯೋಚಿಸುವುದೇ ಬೇಡ. ದೊಡ್ಡ ಹೊಲಕ್ಕೆ, ಯಂತ್ರದ ಕಟಾವಿಗೆ ಎರಡನೇ ಬಗೆಯ ನೆಟ್ಟಗಿನ ಪೊದೆ ಸರಿ.

ಹಂತ 3: ಚದರ ಮೀಟರಿಗೆ ಎಷ್ಟು ಗಿಡ?

ತಳಿ ಗೊತ್ತಾಯಿತು. ಈಗ ಸಂಖ್ಯೆ. ಕೆಳಗಿನವು ಶುರು ಮಾಡಲು ಇಟ್ಟುಕೊಳ್ಳಬಹುದಾದ ಅಂಕಿಗಳು. ಬಿತ್ತಿದ ಬೀಜದ ಲೆಕ್ಕ ಅಲ್ಲ, ಹೊಲದಲ್ಲಿ ಉಳಿದು ನಿಲ್ಲುವ ಗಿಡದ ಲೆಕ್ಕ.

- ಒಂದನೇ ಬಗೆ, ಗಿಡ್ಡ ಪೊದೆ: 25ರಿಂದ 35
- ಎರಡನೇ ಬಗೆ, ನೆಟ್ಟಗಿನ ಪೊದೆ: 20ರಿಂದ 30
- ಮೂರನೇ ಬಗೆ, ಹರಡುವುದು: 15ರಿಂದ 20
- ನಾಲ್ಕನೇ ಬಗೆ, ಕೋಲಿನ ಮೇಲೆ ಒಂದೇ ಬೆಳೆಯಾಗಿ: 12ರಿಂದ 20

ಈ ಅಂಕಿಯ ಒಳಗೆ ಮೇಲಕ್ಕೆ ಹೋಗಬೇಕೋ ಕೆಳಕ್ಕೆ ಬರಬೇಕೋ ಅನ್ನುವುದು ಹೊಲದ ಮೇಲೆ ನಿಂತಿದೆ.

ನೀರು ಸಾಲದ ಕಡೆ ಕೆಳಗಿನ ತುದಿಗೆ ಬನ್ನಿ. ಒತ್ತಾದ ಬೆಳೆ ಮಣ್ಣಿನ ನೀರನ್ನು ಹೂ ಬಿಡುವ ಮುಂಚೆಯೇ ಕುಡಿದು ಮುಗಿಸುತ್ತದೆ. ಬೀನ್ಸಿಗೆ ನೀರು ಅತಿ ಮುಖ್ಯವಾಗಿ ಬೇಕಾಗುವುದು ಹೂ ಬಿಟ್ಟು ಕಾಯಿ ಕಟ್ಟುವಾಗ. ಮೊದಲು ಹುಲುಸಾಗಿ ಬೆಳೆದು ಕೊನೆಗೆ ಜೊಳ್ಳು ಕಾಯಿ ಕೊಡುವ ಹೊಲಗಳು ಹೆಚ್ಚಾಗಿ ಇಂಥವೇ. ಆದರೆ ಸಣ್ಣ ಸಣ್ಣ ಮಳೆ ಆಗಾಗ ಬೀಳುವ ಕಡೆ ಲೆಕ್ಕ ತಿರುಗುತ್ತದೆ. ಅಲ್ಲಿ ನೆಲ ಬೇಗ ಮುಚ್ಚಿದರೆ ನೀರು ಸುಮ್ನೆ ಆವಿಯಾಗಿ ಹೋಗುವುದು ತಪ್ಪುತ್ತದೆ. ಸ್ವಲ್ಪ ಹೆಚ್ಚು ಗಿಡ ಒಳ್ಳೆಯದೇ.

ತಡವಾಗಿ ಬಿತ್ತಿದರೆ, ಅಥವಾ ಮಣ್ಣು ಬಡವಾಗಿದ್ದು ಗಿಡ ಸಣ್ಣದಾಗಿಯೇ ಉಳಿಯುವ ಹೊಲವಾದರೆ, ನೀರಿದ್ದಲ್ಲಿ ಸಂಖ್ಯೆ ಏರಿಸಿ. ಗಿಡ ದೊಡ್ಡದಾಗಲು ಕಾಲ ಸಾಲದಿದ್ದಾಗ ನೆಲ ಮುಚ್ಚಲು ಗಿಡದ ಸಂಖ್ಯೆಯೇ ಆಗಬೇಕು. ಫಲವತ್ತಾದ ಮಣ್ಣಿನಲ್ಲಿ ಇದೇ ಕೆಲಸ ಮಾಡಿದರೆ ಗಿಡ ಮಲಗುತ್ತದೆ.

ಇನ್ನು ಬೀಜದ ದುಡ್ಡು. ಗಿಡ ಹೆಚ್ಚಿಸುತ್ತಾ ಹೋದರೆ ಇಳುವರಿ ಮೊದಲು ಜೋರಾಗಿ ಏರುತ್ತದೆ, ಆಮೇಲೆ ನಿಧಾನವಾಗುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ಕೆಲವು ತಳಿಯಲ್ಲಿ ಇಳಿಯುತ್ತದೆ. ಅತಿ ಹೆಚ್ಚು ಇಳುವರಿ ಕೊಡುವ ಸಂಖ್ಯೆಗೂ ಅತಿ ಹೆಚ್ಚು ಲಾಭ ಕೊಡುವ ಸಂಖ್ಯೆಗೂ ವ್ಯತ್ಯಾಸವಿದೆ. 100 ಕಾಳಿಗೆ 50 ಗ್ರಾಂ ತೂಗುವ ತಳಿಯಲ್ಲಿ ಚದರ ಮೀಟರಿಗೆ 20ರಿಂದ 30 ಗಿಡಕ್ಕೆ ಹೋಗಲು ಹೆಕ್ಟೇರಿಗೆ ಇನ್ನೂ 50 ಕಿಲೋ ಬೀಜ ಬೇಕು. ಅದರಿಂದ ಇಳುವರಿ 60 ಕಿಲೋ ಏರಿತು ಅನ್ನಿ. ಬಿತ್ತನೆ ಬೀಜದ ಬೆಲೆ ಕಾಳಿನ ಬೆಲೆಗಿಂತ ಯಾವಾಗಲೂ ಮೇಲೆಯೇ. ಅಲ್ಲಿಗೆ ಕೈಯಿಂದ ಹೋಯಿತು. ಸಣ್ಣ ಕಾಳಿನ ತಳಿಗಾದರೆ ಇದೇ ಹೆಜ್ಜೆಗೆ ಅರ್ಧ ಬೀಜವೂ ಬೇಕಾಗುವುದಿಲ್ಲ.

ಹಸಿ ಕಾಯಿಗೆ ಬೆಳೆಯುವಾಗ ಇನ್ನೊಂದು ಮಾತು. ಯಂತ್ರದಿಂದ ಒಂದೇ ಸಲ ಕೀಳುವ ಬೆಳೆಗೆ ಒತ್ತು ಜಾಸ್ತಿ ಇರಬಹುದು. ಎಲ್ಲ ಕಾಯಿ ಒಂದೇ ಹದಕ್ಕೆ ಬರಲು ಅದು ಸಹಾಯ ಮಾಡುತ್ತದೆ. ಕೈಯಿಂದ ಮೂರು ನಾಲ್ಕು ಸಲ ಬಿಡಿಸುವುದಾದರೆ ಸಾಲಿನ ನಡುವೆ ಕಾಲಿಡಲು ಜಾಗ ಬೇಕು. ಇಲ್ಲದಿದ್ದರೆ ಮೊದಲ ಕೊಯ್ಲಿನಲ್ಲೇ ಕವಲು ಮುರಿದು ಎರಡನೆಯದಕ್ಕೆ ಏನೂ ಉಳಿಯುವುದಿಲ್ಲ.

ಹಂತ 4: ಸಂಖ್ಯೆಯನ್ನು ಅಂತರಕ್ಕೆ ಇಳಿಸಿ

ಸೂತ್ರ ಸುಲಭ. 10,000ವನ್ನು ಸಾಲಿನ ಅಂತರ ಮತ್ತು ಗಿಡದ ಅಂತರ, ಎರಡೂ ಸೆಂಟಿಮೀಟರಿನಲ್ಲಿ, ಇವುಗಳ ಗುಣಲಬ್ಧದಿಂದ ಭಾಗಿಸಿ. 45 × 10 ಆದರೆ ಚದರ ಮೀಟರಿಗೆ 22 ಗಿಡ. 40 × 10 ಆದರೆ 25. 30 × 10 ಆದರೆ 33. 60 × 10 ಆದರೆ ಸುಮಾರು 17.

ಒಂದೇ ಸಂಖ್ಯೆಯನ್ನು ಹಲವು ರೀತಿ ಹಂಚಬಹುದು. 25 ಗಿಡವನ್ನು 40 × 10ರಲ್ಲೂ ಇಡಬಹುದು, 20 × 20ರಲ್ಲೂ ಇಡಬಹುದು. ಬೆಳಕಿನ ದೃಷ್ಟಿಯಿಂದ ಎಲ್ಲ ಕಡೆ ಸಮ ದೂರ ಇರುವುದೇ ಚೆನ್ನ. ಗಿಡಗಳು ಒಂದನ್ನೊಂದು ತಡವಾಗಿ ಮುಟ್ಟುತ್ತವೆ, ನೆಲ ಬೇಗ ಮುಚ್ಚುತ್ತದೆ, ಕಳೆಗೆ ಬೆಳಕು ಸಿಗುವುದಿಲ್ಲ. ಆದರೆ 20 ಸೆಂಟಿಮೀಟರ್ ಸಾಲಿನ ನಡುವೆ ಕುಂಟೆ ಹೊಡೆಯಲು ಆಗುತ್ತದೆಯೇ? ಕಳೆ ತೆಗೆಯುವ ಸಾಧನ ಯಾವುದೋ ಅದೇ ಸಾಲಿನ ಅಂತರವನ್ನು ನಿರ್ಧರಿಸುತ್ತದೆ. ಇದಕ್ಕೆ ಬೇರೆ ಉಪಾಯವಿಲ್ಲ. ನೆಟ್ಟಗಿನ ಪೊದೆಗೆ 40–50 ಸೆಂಟಿಮೀಟರ್, ಹರಡುವ ತಳಿಗೆ 60ರ ಆಸುಪಾಸು, ಇವು ಕೈಗೂ ಕುಂಟೆಗೂ ಒಗ್ಗುವ ಸಾಲುಗಳು.

ಸಾಲಿನೊಳಗೆ ಎರಡು ಗಿಡಗಳ ನಡುವೆ 5 ಸೆಂಟಿಮೀಟರಿಗಿಂತ ಕಡಿಮೆ ಬೇಡ. ಅಷ್ಟು ಹತ್ತಿರವಾದರೆ ಬೇರುಗಳ ಜಗಳ ಮೊದಲ ವಾರದಲ್ಲೇ ಶುರು. ಸಂಖ್ಯೆ ಏರಿಸಬೇಕೆಂದರೆ ಸಾಲುಗಳನ್ನು ಹತ್ತಿರ ತನ್ನಿ, ಗಿಡಗಳನ್ನಲ್ಲ.

ಬಳ್ಳಿಗೆ 50 ಸೆಂಟಿಮೀಟರ್ ಸಾಲು, 20 ಸೆಂಟಿಮೀಟರಿಗೊಂದು ಗುಳಿ, ಗುಳಿಗೆ ಎರಡು ಬೀಜ ಹಾಕಿದರೆ ಚದರ ಮೀಟರಿಗೆ 20 ಆಯಿತು. ಕೋಲು ಗಿಡ್ಡವಾಗಿದ್ದರೆ ಸಂಖ್ಯೆ ಕಡಿಮೆ ಮಾಡಿ. ಒಂದೂವರೆ ಮೀಟರ್ ಕೋಲಿಗೆ ನಾಲ್ಕು ಬಳ್ಳಿ ಹತ್ತಿಸಿದರೆ ತುದಿಯಲ್ಲಿ ಗಂಟು ಹಾಕಿಕೊಂಡು ಕೆಳಕ್ಕೆ ಜೋತುಬೀಳುತ್ತವೆ, ಒಳಗಿನ ಕಾಯಿ ಬಿಸಿಲು ಕಾಣದೆ ಕೊಳೆಯುತ್ತದೆ. ಮೆಕ್ಕೆಜೋಳವೇ ಆಸರೆಯಾದರೆ ಬೀನ್ಸ್ ಗಿಡಗಳು ಇನ್ನೂ ಕಡಿಮೆ ಇರಲಿ, ಜೋಳ ಸ್ವಲ್ಪ ಎದ್ದ ಮೇಲೆ ಬಿತ್ತಿ. ಜೋಳದ ಕಾಂಡ ಭಾರ ತಡೆಯಬೇಕಲ್ಲ.

ಹಂತ 5: ಬೀಜದ ಲೆಕ್ಕ

‘ಹೆಕ್ಟೇರಿಗೆ 80 ಕಿಲೋ ಬೀಜ’ ಎಂಬಂಥ ಶಿಫಾರಸು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕಾರಣ ನೋಡಿ. 100 ಕಾಳಿಗೆ 22 ಗ್ರಾಂ ತೂಗುವ ಸಣ್ಣ ತಳಿಯ 80 ಕಿಲೋದಲ್ಲಿ ಸುಮಾರು 3,64,000 ಬೀಜ ಇರುತ್ತದೆ, ಅಂದರೆ ಚದರ ಮೀಟರಿಗೆ 36. 100 ಕಾಳಿಗೆ 50 ಗ್ರಾಂ ತೂಗುವ ದಪ್ಪ ತಳಿಯ 80 ಕಿಲೋದಲ್ಲಿ 1,60,000 ಬೀಜ, ಚದರ ಮೀಟರಿಗೆ 16. ತೂಕ ಒಂದೇ, ಹೊಲ ಎರಡು ತರಹ.

ಕಿಲೋ ಲೆಕ್ಕ ಬಿಟ್ಟು ಹೀಗೆ ಮಾಡಿ.

ಮೊದಲು 100 ಕಾಳು ಎಣಿಸಿ ತೂಗಿ. ಮೂರು ಸಲ ಬೇರೆ ಬೇರೆ ನೂರು ತೆಗೆದು ಸರಾಸರಿ ತೆಗೆಯಿರಿ. ಆಮೇಲೆ ಮೊಳಕೆ ಪರೀಕ್ಷೆ. ಒದ್ದೆ ಬಟ್ಟೆಯ ಮೇಲೆ 100 ಕಾಳನ್ನು ಒಂದಕ್ಕೊಂದು ತಾಗದಂತೆ ಹರಡಿ, ಸುರುಳಿ ಸುತ್ತಿ, ನೆರಳಿನಲ್ಲಿ ಇಡಿ. ಬಟ್ಟೆ ಒಣಗದಂತೆ ನೋಡಿಕೊಳ್ಳಿ, ನೀರು ನಿಲ್ಲುವುದೂ ಬೇಡ. ಏಳೆಂಟು ದಿನಕ್ಕೆ ಬಿಚ್ಚಿ ಎಣಿಸಿ. ಬೇರು ಬಂದಿದ್ದನ್ನೆಲ್ಲ ಲೆಕ್ಕಕ್ಕೆ ಸೇರಿಸಬೇಡಿ. ಬೇರು ನೆಟ್ಟಗಿದ್ದು, ಬೀಜದಳ ಎರಡೂ ಮುರಿಯದೆ, ನಡುವೆ ಪುಟ್ಟ ಕುಡಿ ಇರಬೇಕು. ಒಕ್ಕುವಾಗ ಏಟು ತಿಂದ ಬೀಜ ಮೊಳೆಯುತ್ತದೆ, ಆದರೆ ಕುಡಿ ಇರುವುದಿಲ್ಲ. ಅಂಥದ್ದು ಹೊಲದಲ್ಲಿ ಗಿಡವಾಗುವುದಿಲ್ಲ. ತುಂಬಾ ಒಣಗಿದ ಕಾಳನ್ನು ಜೋರಾಗಿ ಬಡಿದಾಗ ಇದು ಹೆಚ್ಚು.

ಮೊಳಕೆ 90 ಬಂತು ಅನ್ನಿ. ಹೊಲದಲ್ಲಿ ಅದರಲ್ಲಿ 85 ಶೇಕಡಾ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ. ಮಣ್ಣು ಹದವಾಗಿಲ್ಲದಿದ್ದರೆ ಇನ್ನೂ ಕಡಿಮೆ ಹಿಡಿಯಿರಿ. 0.90 × 0.85 ಅಂದರೆ 0.765.

ಗುರಿ 25 ಗಿಡ. ಹೆಕ್ಟೇರಿಗೆ 2,50,000. ಸಣ್ಣ ತಳಿಗೆ ಕಾಳಿಗೆ 0.22 ಗ್ರಾಂ, ಒಟ್ಟು 55 ಕಿಲೋ. 0.765ರಿಂದ ಭಾಗಿಸಿದರೆ 72 ಕಿಲೋ, ಎಕರೆಗೆ 29. ದಪ್ಪ ತಳಿಗೆ 125 ಕಿಲೋ, ಭಾಗಿಸಿದರೆ 163, ಎಕರೆಗೆ 66.

ಮೊಳಕೆ 70ಕ್ಕಿಂತ ಕೆಳಗೆ ಬಂದರೆ ಬೀಜ ಹೆಚ್ಚು ಹಾಕಿ ಸರಿದೂಗಿಸಲು ಹೋಗಬೇಡಿ. ಅಂಥ ಬೀಜದಲ್ಲಿ ಮೊಳೆತದ್ದೂ ಸೊರಗಿರುತ್ತದೆ. ಬೇರೆ ಬೀಜ ತನ್ನಿ.

ಹಂತ 6: ಬಿತ್ತನೆ

ಕಾಗದದ ಮೇಲಿನ ಸಂಖ್ಯೆ ಹೊಲಕ್ಕೆ ಬರದೇ ಇರಲು ಮುಖ್ಯ ಕಾರಣ ಬಿತ್ತನೆ. ಬೀನ್ಸ್ ಮೊಳೆಯುವ ರೀತಿಯೇ ಸ್ವಲ್ಪ ಕಷ್ಟದ್ದು. ಬಟಾಣಿ ಬೀಜದಳಗಳನ್ನು ಮಣ್ಣಿನಲ್ಲೇ ಬಿಟ್ಟು ಕುಡಿಯನ್ನಷ್ಟೇ ಮೇಲೆ ಕಳಿಸುತ್ತದೆ. ಬೀನ್ಸ್ ಇಡೀ ಬೀಜವನ್ನೇ ಹೊತ್ತು ಮೇಲೆ ಬರಬೇಕು. ಎಳೆ ಕಾಂಡ ಕೊಕ್ಕೆಯಂತೆ ಬಾಗಿ ಮಣ್ಣನ್ನು ತಳ್ಳುತ್ತದೆ. ಬಿತ್ತಿದ ಮೇಲೆ ಜೋರು ಮಳೆ ಬಂದು, ಆಮೇಲೆ ಬಿಸಿಲು ಹೊಡೆದು, ಮೇಲ್ಮಣ್ಣು ಹೆಪ್ಪುಗಟ್ಟಿದರೆ ಆ ಕುತ್ತಿಗೆ ಮುರಿಯುತ್ತದೆ. ಬೆರಳಿನಿಂದ ಮಣ್ಣಿನ ಹೆಪ್ಪು ಎತ್ತಿ ನೋಡಿದರೆ ಕೆಳಗೆ ಬಿಳಿ ಕಾಂಡ ಒಂದು ಕಡೆ, ಬೀಜದಳ ಇನ್ನೊಂದು ಕಡೆ ಬಿದ್ದಿರುತ್ತವೆ. ಹೆಪ್ಪು ಕಂಡ ದಿನವೇ ಹಗುರವಾಗಿ ನೀರು ಚಿಮುಕಿಸಿ, ಇಲ್ಲವೆ ಹಗುರ ಹಲುಬೆಯಲ್ಲಿ ಮೇಲ್ಪದರ ಒಡೆಯಿರಿ. ಎರಡು ದಿನ ತಡವಾದರೆ ಮುಗಿಯಿತು.

ಆಳ 3ರಿಂದ 5 ಸೆಂಟಿಮೀಟರ್. ಜೇಡಿ ಮಣ್ಣಿಗೆ 3, ಮರಳು ಮಿಶ್ರಿತ ಮಣ್ಣಿಗೆ 5. ಮಣ್ಣಿನ ತಾಪಮಾನ 15 ಡಿಗ್ರಿಗಿಂತ ಮೇಲಿರಲಿ. ತಣ್ಣಗಿನ ಒದ್ದೆ ಮಣ್ಣಿನಲ್ಲಿ ಬೀಜ ಮೊಳೆಯುವ ಮುಂಚೆ ಕೊಳೆಯುತ್ತದೆ. ಗೊಬ್ಬರವನ್ನು ಬೀಜಕ್ಕೆ ತಾಗಿಸಬೇಡಿ, ಬೀನ್ಸ್ ಉಪ್ಪನ್ನು ಸಹಿಸುವುದಿಲ್ಲ. ರಂಜಕ ಕಡಿಮೆಯಿರುವ ಮಣ್ಣಾದರೆ ಬೀಜದ ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ ಬೀಳುವಂತೆ ಕೊಡಿ. ದ್ವಿದಳ ಬೆಳೆಗಳ ಪೈಕಿ ಬೀನ್ಸ್ ಗಾಳಿಯಿಂದ ಸಾರಜನಕ ಹಿಡಿಯುವುದರಲ್ಲಿ ದುರ್ಬಲ. ಅದರಲ್ಲೂ ಬೇಗ ಮುಗಿಯುವ ಗಿಡ್ಡ ಪೊದೆಗಳು. ಹಾಗಾಗಿ ಅವುಗಳಿಗೆ ಸ್ವಲ್ಪ ಸಾರಜನಕ ಬೇಕು. ಬೀಜಕ್ಕೆ ಬೀನ್ಸಿನದೇ ರೈಜೋಬಿಯಂ, ಅಂದರೆ ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕ ಹಿಡಿದುಕೊಡುವ ದುಂಡಾಣು, ಹಚ್ಚಿದರೆ ಒಳ್ಳೆಯದು.

ಹಂತ 7: ಎಣಿಸಿ

ಗಿಡಕ್ಕೆ ಮೊದಲ ಮೂರೆಲೆ, ಅಂದರೆ ಒಂದೇ ತೊಟ್ಟಿನಲ್ಲಿ ಮೂರು ಎಲೆ, ಬಿಚ್ಚಿದಾಗ ಹೊಲಕ್ಕೆ ಇಳಿದು ಎಣಿಸಿ. ಸಾಲಿನ ಅಂತರ 45 ಸೆಂಟಿಮೀಟರ್ ಆದರೆ ಸಾಲಿನ 2.22 ಮೀಟರ್ ಉದ್ದ ಒಂದು ಚದರ ಮೀಟರಿಗೆ ಸಮ. ಅಷ್ಟುದ್ದದ ದಾರವನ್ನು ಹತ್ತು ಕಡೆ ಹಿಡಿದು ಗಿಡ ಎಣಿಸಿ. ಸರಾಸರಿ ಮಾತ್ರ ಬರೆದುಕೊಳ್ಳಬೇಡಿ, ಹತ್ತೂ ಅಂಕಿ ಬರೆಯಿರಿ. ಸರಾಸರಿ 24 ಇದ್ದು, ಒಂದು ಕಡೆ 38, ಇನ್ನೊಂದು ಕಡೆ 9 ಇದ್ದರೆ ಅದು 24 ಗಿಡದ ಹೊಲ ಅಲ್ಲ.

ಹರಡುವ ತಳಿಯಲ್ಲಿ ಒಂದು ಅಡಿ ಖಾಲಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ತುಂಬಿಕೊಳ್ಳುತ್ತದೆ. ಗಿಡ್ಡ ಪೊದೆಯಲ್ಲಿ ಅಷ್ಟು ಖಾಲಿ ಅಲ್ಲಲ್ಲಿ ಕಂಡರೆ ಗಿಡ ಮೇಲೆ ಬಂದ ಮೊದಲ ವಾರದೊಳಗೆ ಮಾತ್ರ ಮರುಬಿತ್ತನೆ ಮಾಡಿ. ಆಮೇಲೆ ಬಿತ್ತಿದ್ದು ನೆರಳಲ್ಲಿ ಸೊರಗುತ್ತದೆ, ಮಾಗುವುದೂ ತಡ, ಕಟಾವಿಗೆ ತೊಡಕು.

ಹಂತ 8: ಒತ್ತು ಜಾಸ್ತಿಯಾದರೆ ಬರುವ ಕಾಟ

ಒತ್ತಾದ ಬೀನ್ಸಿಗೆ ದೊಡ್ಡ ಶತ್ರು ಬಿಳಿ ಕೊಳೆ ರೋಗ. ಸ್ಕ್ಲೆರೋಟಿನಿಯಾ ಎಂಬ ಶಿಲೀಂಧ್ರದಿಂದ ಬರುತ್ತದೆ. ಇದಕ್ಕೆ ಸೂರ್ಯಕಾಂತಿ, ಸೋಯಾ, ಸಾಸಿವೆ ಸೇರಿ 400ಕ್ಕೂ ಹೆಚ್ಚು ಜಾತಿಯ ಸಸ್ಯಗಳು ಆಹಾರ. ಮಣ್ಣಿನಲ್ಲಿ ಇಲಿ ಹಿಕ್ಕೆಯಂಥ ಕಪ್ಪು ಗಡ್ಡೆಗಳಾಗಿ ವರ್ಷಗಟ್ಟಲೆ ಕೂತಿರುತ್ತದೆ. ನೆರಳಿನಡಿ ಮಣ್ಣು ದಿನಗಟ್ಟಲೆ ಒದ್ದೆಯಾಗಿದ್ದರೆ ಆ ಗಡ್ಡೆಯಿಂದ ಸಣ್ಣ ಅಣಬೆ ಎದ್ದು ಬೀಜಕಣ ಹಾರಿಸುತ್ತದೆ. ಬೀಜಕಣ ನೇರವಾಗಿ ಹಸಿ ಎಲೆಯೊಳಗೆ ನುಗ್ಗುವುದು ಕಷ್ಟ. ಉದುರಿದ ಹೂವಿನ ಎಸಳು ಅದಕ್ಕೆ ಮೆಟ್ಟಿಲು. ಎಸಳು ಕಾಂಡದ ಮೇಲೋ ಕಾಯಿಯ ಮೇಲೋ ಅಂಟಿದ ಜಾಗದಿಂದ ಬಿಳಿ ಹತ್ತಿಯಂಥ ಬೂಸು ಹರಡುತ್ತದೆ.

ಹಾಗಾಗಿ ಕಣ್ಣಿಡಬೇಕಾದ ಕಾಲ ಹೂ ಬಿಡುವ ಕಾಲ. ನಡು ಮಧ್ಯಾಹ್ನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಸರಿಸಿ ನೆಲ ನೋಡಿ. ನೆಲದ ಮೇಲೆ ಅಲ್ಲಲ್ಲಿ ಬಿಸಿಲಿನ ಚುಕ್ಕೆ ಬಿದ್ದಿದ್ದರೆ ಚಿಂತೆ ಇಲ್ಲ. ನೆಲ ಪೂರ್ತಿ ಕತ್ತಲು, ಮಣ್ಣು ಇನ್ನೂ ಒದ್ದೆ, ಒಳಗೆ ಉಸಿರುಕಟ್ಟುವ ಸೆಕೆ – ಹಾಗಿದ್ದರೆ ಮುಂದಿನ ನೀರು ತಡಮಾಡಿ, ಮೇಲಿನಿಂದ ಚಿಮುಕಿಸುವುದಾದರೆ ಬೆಳಿಗ್ಗೆಗೆ ಬದಲಿಸಿ. ಮುಂದಿನ ಬೆಳೆಗೆ ಸಾಲು ಅಗಲ ಮಾಡಿ, ಗಾಳಿ ಬೀಸುವ ದಿಕ್ಕಿಗೆ ಸಾಲು ಎಳೆಯಿರಿ, ಸಾರಜನಕ ಕಡಿಮೆ ಮಾಡಿ. ಇಲ್ಲವೆ ತಳಿಯನ್ನೇ ಬದಲಿಸಿ. ಎರಡನೇ ಬಗೆಯ ನೆಟ್ಟಗಿನ ತಳಿ ಇದೇ ಸಾಲಿನಲ್ಲಿ ಗಾಳಿಯಾಡಲು ಬಿಡುತ್ತದೆ, ಕಾಯಿಯೂ ನೆಲಕ್ಕೆ ತಾಗುವುದಿಲ್ಲ. ಹರಡುವ ತಳಿಯನ್ನು ಕಿರಿದಾದ ಸಾಲಿನಲ್ಲಿ, ತೇವದ ಜಾಗದಲ್ಲಿ ಹಾಕುವುದು ನನ್ನ ಮಟ್ಟಿಗೆ ಬೀನ್ಸಿನಲ್ಲಿ ಮಾಡಬಹುದಾದ ಅತಿ ದುಬಾರಿ ಕೆಲಸ.

ಹಂತ 9: ನಿಮ್ಮದೇ ಹೊಲದಲ್ಲಿ ಪ್ರಯೋಗ

ಮೇಲಿನ ಅಂಕಿಗಳೆಲ್ಲ ಶುರುವಿಗೆ ಮಾತ್ರ. ನಿಮ್ಮ ಮಣ್ಣಿನ ಉತ್ತರ ನಿಮ್ಮ ಮಣ್ಣಿನಲ್ಲೇ ಇದೆ. ಎರಡು ತಳಿ, ಮೂರು ಸಾಂದ್ರತೆ (ಚದರ ಮೀಟರಿಗೆ ಎಷ್ಟು ಗಿಡ ಎಂಬುದು) ಸಾಕು. ಒಂದೊಂದನ್ನೂ ಮೂರು ಕಡೆ ಹಾಕಿದರೆ 18 ಮಡಿ ಆಗುತ್ತದೆ. ಪ್ರತಿ ಮಡಿಯಲ್ಲಿ 45 ಸೆಂಟಿಮೀಟರಿನ ನಾಲ್ಕು ಸಾಲು, 4 ಮೀಟರ್ ಉದ್ದ.

ಸಾಂದ್ರತೆ 15, 25, 35 ಇರಲಿ. ಸಾಲಿನೊಳಗಿನ ಅಂತರ ಸುಮಾರು 15, 9 ಮತ್ತು ಆರೂವರೆ ಸೆಂಟಿಮೀಟರ್ ಆಗುತ್ತದೆ. ಎಲ್ಲ ಕಡೆ ಒತ್ತಾಗಿ ಬಿತ್ತಿ, ಮೂರೆಲೆ ಬಂದಾಗ ಹೆಚ್ಚಾದ ಗಿಡ ಕಿತ್ತು ಬೇಕಾದ ಸಂಖ್ಯೆಗೆ ತನ್ನಿ. ಮೊದಲೇ ಅಳೆದು ಬಿತ್ತಿದರೆ ಮೊಳೆಯದ ಬೀಜಗಳಿಂದ ಲೆಕ್ಕ ಕೆಡುತ್ತದೆ. ಯಾವ ಮಡಿ ಎಲ್ಲಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ನೀವೇ ಆರಿಸಿದರೆ ಮೆಚ್ಚಿನ ತಳಿಗೆ ಒಳ್ಳೆ ಮಣ್ಣು ಸಿಕ್ಕಿಬಿಡುತ್ತದೆ.

ಕಟಾವಿನಲ್ಲಿ ಅಂಚಿನ ಎರಡು ಸಾಲು ಬಿಡಿ. ನಡುವಿನ ಎರಡು ಸಾಲಿನ ಎರಡೂ ತುದಿಯಲ್ಲಿ ಅರ್ಧರ್ಧ ಮೀಟರ್ ಬಿಡಿ. ಉಳಿದದ್ದು 2.7 ಚದರ ಮೀಟರ್. ಅಂಚಿನ ಗಿಡಗಳಿಗೆ ಬೆಳಕು ಜಾಸ್ತಿ, ಅವುಗಳ ಇಳುವರಿ ನಂಬಬಾರದು. ತೂಗುವ ಮುಂಚೆ ಆ ಜಾಗದ ಹತ್ತು ಗಿಡದ ಕಾಯಿ ಎಣಿಸಿ, ಇಪ್ಪತ್ತು ಕಾಯಿ ಬಿಡಿಸಿ ಕಾಳು ಎಣಿಸಿ. ಇಳುವರಿ ಯಾಕೆ ಏರಿತು, ಯಾಕೆ ಇಳಿಯಿತು ಅನ್ನುವುದು ಈ ಎಣಿಕೆಯಲ್ಲಿ ಸಿಗುತ್ತದೆ.

ತೂಕವನ್ನು 14 ಶೇಕಡಾ ತೇವಾಂಶಕ್ಕೆ ಸರಿಮಾಡಿ. 100ರಿಂದ ಕಾಳಿನ ತೇವಾಂಶ ಕಳೆದು, 86ರಿಂದ ಭಾಗಿಸಿ, ತೂಕದಿಂದ ಗುಣಿಸಿ. 18 ಶೇಕಡಾ ತೇವವಿರುವ 566 ಗ್ರಾಂ ಕಾಳು ಹೀಗೆ 540 ಗ್ರಾಂ ಆಗುತ್ತದೆ. ಅದನ್ನು 2.7ರಿಂದ ಭಾಗಿಸಿದರೆ ಚದರ ಮೀಟರಿಗೆ 200 ಗ್ರಾಂ, ಹೆಕ್ಟೇರಿಗೆ 2,000 ಕಿಲೋ, ಎಕರೆಗೆ ಸುಮಾರು 810. ಬಿತ್ತಿದ ಬೀಜದ ತೂಕವನ್ನು ಇದರಲ್ಲಿ ಕಳೆದು ನೋಡಿ. 35ರ ಮಡಿಯ ಮೆರುಗು ಅಲ್ಲೇ ಸ್ವಲ್ಪ ಇಳಿಯುತ್ತದೆ.

ಒಂದೇ ತಳಿ, ಒಂದೇ ಸಾಂದ್ರತೆಯ ಮೂರು ಮಡಿಗಳ ನಡುವೆಯೇ ಎಷ್ಟು ವ್ಯತ್ಯಾಸವಿದೆ ಅಂತಲೂ ನೋಡಿ. 25ಕ್ಕೂ 35ಕ್ಕೂ ಇರುವ ವ್ಯತ್ಯಾಸ ಅದಕ್ಕಿಂತ ಕಡಿಮೆಯಾದರೆ 25ನ್ನೇ ಇಟ್ಟುಕೊಳ್ಳಿ. ಒಂದು ವರ್ಷದ ಮಳೆ ನಂಬಿ ತೀರ್ಮಾನ ಮಾಡಬೇಡಿ, ಇನ್ನೊಂದು ಸಲ ಮಾಡಿ.

ಗೆದ್ದ ತಳಿಯ ಬೀಜವನ್ನು ನೀವೇ ಇಟ್ಟುಕೊಳ್ಳಬಹುದು. ಬೀನ್ಸ್ ಹೂ ಬಿಚ್ಚುವ ಹೊತ್ತಿಗೆ ತನ್ನದೇ ಪರಾಗ ಪಡೆದಿರುತ್ತದೆ, ತಳಿ ಬೆರೆಯುವುದು ತೀರಾ ಕಡಿಮೆ. ಆದರೆ ಚಿಬ್ಬು, ಅಂಗಮಾರಿ, ಮೊಸಾಯಿಕ್ ಮೂರೂ ಬೀಜದಲ್ಲೇ ಸಾಗುತ್ತವೆ. ಬೀಜಕ್ಕೆ ಅಂತ ರೋಗವಿಲ್ಲದ ಗಿಡಗಳಿಗೆ ಹೂ ಬಿಡುವಾಗಲೇ ದಾರ ಕಟ್ಟಿ. ಆ ಕಾಯಿಗಳನ್ನು ಬೇರೆಯಾಗಿ ಕೊಯ್ದು, ಯಂತ್ರಕ್ಕೆ ಹಾಕದೆ ಕೈಯಲ್ಲಿ ಬಿಡಿಸಿ, ನೆರಳಿನಲ್ಲಿ 12 ಶೇಕಡಾ ತೇವಾಂಶದವರೆಗೆ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿ. ಡಬ್ಬಿಯ ಮೇಲೆ ತಳಿಯ ಹೆಸರು, ಗಿಡದ ಬಗೆ, 100 ಕಾಳಿನ ತೂಕ ಮತ್ತು ಗೆದ್ದ ಸಾಲಿನ ಅಂತರ ಬರೆದಿಡಿ.